ಸಹಾಯ ಬೇಕು: ಗೋಧಿ ಬಿಯರ್ ಪ್ರಿಯನಿಗೂ ಹೊಗೆ ವಿಸ್ಕಿ ಪ್ರಿಯರಿಗೂ ಒಪ್ಪುವಂಥದ್ದು ಯಾವುದು?

ಗುಂಪಿನ ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಂಗಳೂರಿನ ನಮ್ಮ ಮನೆಗೆ ಭಾವ ಬರುವವರಿದ್ದು, ಕೋರಿ ರೊಟ್ಟಿ ಮತ್ತು ಬಂಗುಡೆ ಪುಳಿಮುಂಚಿಯ ಊಟಕ್ಕೆ ಮೊದಲು ಇಬ್ಬರಿಗೂ ಹಿಡಿಸುವ ಪಾನೀಯವೊಂದನ್ನು ಆರಿಸಲು ನಿಮ್ಮ ಸಲಹೆ ಬೇಕಾಗಿದೆ.

ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಮುಂದಾಗಿರುವ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯ ಬಿಯರ್ ನನಗೆ ಒಗ್ಗುವುದಿಲ್ಲ, ಆದರೆ ಯೀಸ್ಟ್‌ನಿಂದಲೇ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಪಡೆಯುವ ಜರ್ಮನ್ ಶೈಲಿಯ ಗೋಧಿ ಬಿಯರ್ ಬಹಳ ಇಷ್ಟ. ಕರಾವಳಿಯ ಸೆಕೆಗೆ ಅದಕ್ಕಿಂತ ಒಳ್ಳೆಯದಿಲ್ಲವೆಂಬುದು ನನ್ನ ಪಕ್ಷಪಾತ. ಭಾವನವರಿಗೋ ಮೊಳಕೆ ಬಾರ್ಲಿಯನ್ನು ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಸಸ್ಯಗಳಿಂದಾದ, ಉರುವಲಾಗುವ ಮಣ್ಣು) ಹೊಗೆಯಲ್ಲಿ ಒಣಗಿಸಿ ತಯಾರಿಸುವ, ಸ್ಕಾಟ್‌ಲ್ಯಾಂಡಿನ ಐಲಾ ದ್ವೀಪದ ವಿಸ್ಕಿಯೇ ಬೇಕು. ನನಗೆ ಅದರಲ್ಲಿ ಆಸ್ಪತ್ರೆಯ ವಾಸನೆ ಬರುತ್ತದೆ.

ನಡುವಿನ ದಾರಿಯಾಗಿ, 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಬಿಡುಗಡೆಯಾದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದಲೇ ತಯಾರಾದ ವಿಸ್ಕಿ) ಬಳಗಕ್ಕೆ ನಂತರ ಸೇರಿದ ಫ್ಯೂಷನ್ ಎಂಬುದನ್ನು ಯೋಚಿಸಿದ್ದೇನೆ, ಏಕೆಂದರೆ ಅದರಲ್ಲಿ ಭಾರತದ ಬಾರ್ಲಿಯ ಜೊತೆಗೆ ಪೀಟ್ ಹೊಗೆ ಕಂಡ ಸ್ಕಾಟ್‌ಲ್ಯಾಂಡಿನ ಬಾರ್ಲಿಯೂ ಇರುತ್ತದೆ. ಶೇ. 50ರಷ್ಟು ಆಲ್ಕೋಹಾಲ್ ಇರುವ ಇದು ಪುಳಿಮುಂಚಿಯ ಖಾರವನ್ನು ಇನ್ನಷ್ಟು ಕೆರಳಿಸೀತೆ, ಎಷ್ಟು ನೀರು ಬೆರೆಸಿದರೆ ಹೊಗೆಯ ಛಾಯೆ ಉಳಿದೂ ಉರಿ ತಗ್ಗೀತು ಎಂಬುದನ್ನು ಕುಡಿದು ಬಲ್ಲವರು ದಯವಿಟ್ಟು ತಿಳಿಸಬೇಕು. ಗೋವಾದ ಗೇರು ಫೆನಿಯನ್ನು ಸೂಚಿಸುವುದು ಬೇಡ, ಅದರ ಘಾಟು ನಮ್ಮಿಬ್ಬರಿಗೂ ಆಗದು. ಮಂಗಳೂರು ಅಥವಾ ಉಡುಪಿಯಲ್ಲಿ ಗೋಧಿ ಬಿಯರನ್ನು ಸರಿಯಾಗಿ ತಣ್ಣಗಿಟ್ಟು ಮಾರುವ ಅಂಗಡಿ ಗೊತ್ತಿದ್ದರೆ ಅದನ್ನೂ ಬರೆಯಿರಿ.