ಜೋರು ಮಳೆ ಬಂದರೆ ಬಚ್ಚಲಲ್ಲಿ ಕೊಳಚೆ ಉಕ್ಕುತ್ತದೆ, ಏನು ಮಾಡಲಿ?

ಪ್ರಶ್ನೆ:
ಸರ್, ನಮ್ಮದು ಬೆಂಗಳೂರಿನ ಹೊರಮಾವು ಕಡೆ 30x40 ಸೈಟಿನ ಮನೆ. 2006ರಲ್ಲಿ ಕಟ್ಟಿದ್ದು. ಆಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಮನೆಗೆ ಬರಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಈಗ ಗೇಟಿನಿಂದ ಒಂದು ಮೆಟ್ಟಿಲು ಇಳಿಯಬೇಕು. ಕಳೆದ ವಾರ ಒಂದು ಗಂಟೆ ಮಳೆ ಸುರಿಯಿತು. ರಸ್ತೆ ನೀರು ಗೇಟು ದಾಟುವ ಮುಂಚೆಯೇ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಗುಳುಗುಳು ಅಂತ ಮೇಲೆ ಬಂತು. ಅಕ್ಕಿ ಮೂಟೆ ಮಂಚದ ಮೇಲೆ ಎತ್ತಿಟ್ಟೆವು. ಪ್ಲಂಬರ್ ದಪ್ಪ ಪೈಪ್ ಹಾಕಿಸಿ ಅನ್ನುತ್ತಾರೆ. ಪಕ್ಕದವರು ನೆಲವನ್ನೇ ಎರಡು ಅಡಿ ಎತ್ತರಿಸಿ ಅನ್ನುತ್ತಾರೆ. ಯಾವುದು ಸರಿ?

ಉತ್ತರ (ಸಿವಿಲ್ ಎಂಜಿನಿಯರ್, ಚರಂಡಿ ಮತ್ತು ಮಳೆನೀರಿನ ಕೆಲಸ):
ಎರಡೂ ಈಗ ಬೇಡ. ಮೊದಲು ಒಂದು ಹೇಳಿ. ನಿಮ್ಮ ತಾರಸಿಯಿಂದ ಇಳಿಯುವ ಮಳೆನೀರಿನ ಪೈಪು ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ? ಗೊತ್ತಿಲ್ಲದಿದ್ದರೆ ಒಂದು ಬಕೆಟ್ ನೀರಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿ ಕಲಸಿ ತಾರಸಿ ತೂತಿಗೆ ಸುರಿಯಿರಿ. ಕೆಳಗೆ ಗೇಟಿನ ಹತ್ತಿರದ ಚೇಂಬರ್ ಮುಚ್ಚಳ ತೆಗೆದು ಒಬ್ಬರು ನೋಡುತ್ತಾ ನಿಂತಿರಲಿ.

ಪ್ರಶ್ನೆ ಕೇಳಿದವರು:
ಮಗಳು ಸುರಿದಳು, ನಾನು ನೋಡಿದೆ. ಅರ್ಧ ನಿಮಿಷವೂ ಆಗಲಿಲ್ಲ, ಚೇಂಬರಿನಲ್ಲಿ ನೀಲಿ ಬಂತು. ಅದೇ ಚೇಂಬರಿಗೆ ಕಕ್ಕಸಿನ ಪೈಪೂ ಬರುತ್ತದೆ.

ಉತ್ತರ:
ಅಲ್ಲೇ ಇದೆ ರೋಗ. ಆ ಚೇಂಬರು ಒಳಚರಂಡಿಯದ್ದು, ಯುಜಿಡಿ. ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರಿಗೆ ಮಾತ್ರ ಇರುವುದು. ಮಳೆನೀರಿಗೆ ರಸ್ತೆ ಬದಿಯ ಮೋರಿ, ಅಲ್ಲಿಂದ ರಾಜಕಾಲುವೆ. ಬೆಂಗಳೂರಿನಲ್ಲಿ ಇವೆರಡೂ ಬೇರೆ ಬೇರೆ ಇರಬೇಕು.

ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 900 ಚದರ ಅಡಿ ಅಂತ ಇಟ್ಟುಕೊಳ್ಳೋಣ, ಸುಮಾರು 84 ಚದರ ಮೀಟರ್. 50 ಮಿ.ಮೀ. ಮಳೆ ಬಂದರೆ 4,200 ಲೀಟರ್. ಒಳಚರಂಡಿ ಲೆಕ್ಕ ಹಾಕುವಾಗ ನಾವು ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿಯುತ್ತೇವೆ. ಐದು ಜನರ ಮನೆಗೆ 675. ಅಂದರೆ ಆರು ದಿನದಲ್ಲಿ ಹೋಗಬೇಕಾದ ನೀರನ್ನು ನಿಮ್ಮ ಮನೆ ಒಂದೇ ಗಂಟೆಯಲ್ಲಿ ಆ ಪೈಪಿಗೆ ತಳ್ಳುತ್ತಿದೆ. ಬೀದಿಯಲ್ಲಿ ಇನ್ನೂ ಇಪ್ಪತ್ತು ಮನೆಯವರು ಹೀಗೇ ಮಾಡಿದ್ದರೆ ನೀರು ಎಲ್ಲಿ ಹೋಗಬೇಕು? ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಚ್ಚಲು ಹುಡುಕಿಕೊಂಡು ಬರುತ್ತದೆ. ಅದು ನಿಮ್ಮದು. ದಪ್ಪ ಪೈಪ್ ಹಾಕಿಸಿದರೆ ಇನ್ನೂ ಸರಾಗವಾಗಿ ಬರುತ್ತದೆ, ಅಷ್ಟೇ!

ಮೊದಲ ಕೆಲಸ, ಮಳೆ ಪೈಪನ್ನು ಆ ಚೇಂಬರಿನಿಂದ ಕಡಿಸಿ. ಒಂದು ಡ್ರಮ್ಮಿನಲ್ಲಿ ಜಲ್ಲಿ, ಮರಳು ಹಾಕಿ ಫಿಲ್ಟರ್ ಮಾಡಿಸಿ. ಅಲ್ಲಿಂದ ನೀರು ಸಂಪಿಗೆ, ಸಂಪು ತುಂಬಿದ ಮೇಲೆ ಇಂಗುಬಾವಿಗೆ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ರಿಂಗ್ ಬಾವಿಯಲ್ಲಿ ಹತ್ತಿರ ಹತ್ತಿರ 4,000 ಲೀಟರ್ ಹಿಡಿಯುತ್ತದೆ. ಆಮೇಲೂ ಉಕ್ಕಿದರೆ ರಸ್ತೆ ಮೋರಿಗೆ ಬಿಡಿ.

ಎರಡನೆಯದು, ಯುಜಿಡಿಗೆ ಹೋಗುವ ಪೈಪಿಗೆ ಒಂದು ನಾನ್ ರಿಟರ್ನ್ ವಾಲ್ವ್. ಬೀದಿಯ ಕೊಳಚೆ ಹಿಂದಕ್ಕೆ ಬಂದರೆ ಅದು ಮುಚ್ಚಿಕೊಳ್ಳುತ್ತದೆ. ಆದರೆ ಅದು ಮುಚ್ಚಿದಾಗ ನಿಮ್ಮ ನೀರೂ ಆಚೆ ಹೋಗುವುದಿಲ್ಲ. ಇದನ್ನು ಹೇಳದೆ ಮಾರುತ್ತಾರೆ. ಜೋರು ಮಳೆಯಲ್ಲಿ ವಾಷಿಂಗ್ ಮೆಷಿನ್ ಹಾಕಬೇಡಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಕೂದಲು ಸಿಕ್ಕಿಕೊಂಡರೆ ವಾಲ್ವ್ ಅರೆಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ.

ಇನ್ನೊಬ್ಬರು:
ಸರ್, ನಮ್ಮನೆಯಲ್ಲಿ ಇಂಗುಬಾವಿ ಇದೆ. ರಸ್ತೆ ಮೇಲೆ ನಿಲ್ಲುವ ನೀರನ್ನೂ ಅದಕ್ಕೆ ತಿರುಗಿಸಬಹುದಾ?

ಉತ್ತರ:
ಬೇಡ ಮೇಡಂ. ರಸ್ತೆ ನೀರಿನಲ್ಲಿ ಆಯಿಲ್, ನಾಯಿ ಹೇಲು, ಕಾರು ತೊಳೆದ ಸೋಪು ಎಲ್ಲಾ ಇರುತ್ತದೆ. ಅದನ್ನು ನೇರ ಅಂತರ್ಜಲಕ್ಕೆ ಇಳಿಸಿದರೆ ನಿಮ್ಮದೇ ಬೋರ್‌ವೆಲ್ಲಿಗೆ ಬರಬಹುದು. ತಾರಸಿ ನೀರು ಮಾತ್ರ ಬಿಡಿ, ಅದರಲ್ಲೂ ಮೊದಲ ಮಳೆಯ ಧೂಳು ನೀರನ್ನು ಆಚೆ ಬಿಡಿ. ಇನ್ನೊಂದು ಮಾತು. ಕೆರೆ ಅಂಗಳದ ಪಕ್ಕ ಇದ್ದು ಐದಾರು ಅಡಿಗೇ ನೀರು ಸಿಗುವ ಜಾಗವಾದರೆ ಇಂಗುಬಾವಿ ಸುಮ್ನೆ ದುಡ್ಡು ದಂಡ. ಮಳೆಗಾಲಕ್ಕೆ ಮುಂಚೆಯೇ ಅದು ತುಂಬಿ ಕೂತಿರುತ್ತದೆ.

ಮತ್ತೊಬ್ಬರು:
ನಾವೆಲ್ಲ ಇಷ್ಟು ಮಾಡಿದರೂ ಹಿಂದಿನ ರಾಜಕಾಲುವೆ ವರ್ಷಪೂರ್ತಿ ಕಪ್ಪಗೆ ಹರಿಯುತ್ತದಲ್ಲ, ಏನು ಪ್ರಯೋಜನ?

ಉತ್ತರ:
ಅದು ಮೇಲೆ ಹೇಳಿದ ಚೇಂಬರಿನ ಕಥೆಯೇ, ಉಲ್ಟಾ. ಅಲ್ಲಿ ಮಳೆನೀರು ಕೊಳಚೆ ಪೈಪಿಗೆ ಹೋಯಿತು, ಇಲ್ಲಿ ಕೊಳಚೆ ಮಳೆ ಕಾಲುವೆಗೆ ಬಿತ್ತು. ರಾಜಕಾಲುವೆ ಬೇಸಿಗೆಯಲ್ಲಿ ಒಣಗಿರಬೇಕು ಸ್ವಾಮಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಒಯ್ಯುವುದಕ್ಕೆ ಅದು ಇರುವುದು. ಹೊರಮಾವು ಕಡೆಯದು ಹೆಬ್ಬಾಳ ಕಣಿವೆ. ನೀರು ನಾಗವಾರ, ಕಲ್ಕೆರೆ ಕೆರೆಗಳನ್ನು ದಾಟಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಕೋರಮಂಗಲ ಕಣಿವೆಯಲ್ಲಿ ಇದೇ ತಪ್ಪು ದೊಡ್ಡದಾಗಿ ಬೆಳೆದು ಬೆಳ್ಳಂದೂರು ಕೆರೆ ನೊರೆ ಉಗುಳಿತು, 2015ರಲ್ಲೂ 2018ರಲ್ಲೂ ಬೆಂಕಿ ಹತ್ತಿಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಜನ ಟ್ರಾಕ್ಟರಿನಲ್ಲಿ ಆಫೀಸಿಗೆ ಹೋದರು, ನೆನಪಿದೆ ಅಲ್ವಾ? ಕಾಲುವೆ ಒತ್ತುವರಿಯಾಗಿ, ಉಳಿದ ಅಗಲದಲ್ಲೂ ಹೂಳು ತುಂಬಿದರೆ ಮಳೆಗೆ ಜಾಗವೆಲ್ಲಿ?

ಹೂಳು ಅಂದಾಗ ಕಟ್ಟಡದವರ ಮೇಲೆ ನನಗೆ ಸಿಟ್ಟಿದೆ. ಎಂ-ಸ್ಯಾಂಡ್ ರಾಶಿಯನ್ನು ಮೋರಿ ಬಾಯಿಗೇ ಸುರಿಯುತ್ತಾರೆ. ಒಂದು ಮಳೆಗೆ ಅರ್ಧ ರಾಶಿ ಮೋರಿಯೊಳಗೆ. ಸುತ್ತ ಎರಡು ಸಾಲು ಇಟ್ಟಿಗೆ ಜೋಡಿಸಿ, ಮೇಲೆ ಟಾರ್ಪಾಲು ಹೊದಿಸುವುದು ಕಷ್ಟವಾ?

ಇನ್ನೊಬ್ಬರು:
ಹೊರಮಾವು ಕಡೆಯೇ ಸೈಟು ನೋಡುತ್ತಿದ್ದೇನೆ. ಏನು ವಿಚಾರಿಸಲಿ?

ಉತ್ತರ:
ಸರ್ಕಾರದ ಭೂದಾಖಲೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ. ಆಮೇಲೆ ಹಳೆಯ ಗ್ರಾಮ ನಕಾಶೆ ತೆಗೆಸಿ ಹಳ್ಳದ ಗೆರೆ ಎಲ್ಲಿ ಹಾದಿದೆ ನೋಡಿ. ಪಹಣಿಯಲ್ಲಿ ಬಿ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅಂತ ಇದ್ದರೆ ಅದು ಯಾವುದರ ಖರಾಬು ಅಂತ ಕೇಳಿ. ಬ್ರೋಕರ್ ಬೇಸಿಗೆಯಲ್ಲಿ ತೋರಿಸುತ್ತಾನೆ, ನೀವು ಮಳೆ ಬರುವಾಗ ಒಬ್ಬರೇ ಹೋಗಿ ನಿಂತು ನೋಡಿ. ಅಕ್ಕಪಕ್ಕದ ಕಾಂಪೌಂಡಿನ ಮೇಲೆ ನೀರಿನ ಕಲೆ ಎಷ್ಟು ಎತ್ತರಕ್ಕಿದೆ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು:
ಭಾನುವಾರ ಪೈಪು ಕಡಿಸುತ್ತಿದ್ದೇವೆ ಸರ್. ಪಕ್ಕದವರ ತಾರಸಿಗೂ ನೀಲಿ ಸುರಿದೆವು. ಅವರದೂ ಚೇಂಬರಿಗೇ ಬಂತು! ಇಂಗುಬಾವಿ ಎಲ್ಲಿ ತೋಡಿಸಲಿ? ಮುಂದುಗಡೆ ಜಾಗ ಕಡಿಮೆ.

ಉತ್ತರ:
ಪಾಯದಿಂದ ಆದಷ್ಟು ದೂರ, ಯುಜಿಡಿ ಪೈಪಿನ ಪಕ್ಕ ಬೇಡವೇ ಬೇಡ. ಜಾಗವಿಲ್ಲದಿದ್ದರೆ ಇಬ್ಬರೂ ಸೇರಿ ಅವರ ಕಡೆ ಒಂದೇ ಬಾವಿ ತೋಡಿಸಿ, ಅಗಲ ನಾಲ್ಕು ಅಡಿ ಮಾಡಿಸಿ. ತೋಡುವವರು ಬಂದಾಗ ಎಷ್ಟನೇ ಅಡಿಗೆ ಒದ್ದೆ ಮಣ್ಣು ಸಿಕ್ಕಿತು ಅಂತ ಇಲ್ಲಿ ಬರೆಯಿರಿ. ಎಷ್ಟು ಆಳ ಸಾಕು ಅಂತ ಆಗ ಹೇಳುತ್ತೇನೆ.