ಹಳೇ ಡೀಸೆಲ್ ಕೊಟ್ಟು ಹೈಬ್ರಿಡ್ ತೊಗೊಬೇಕಂತೀನಿ, ಜಮಖಂಡಿ-ವಿಜಯಪುರ ಓಡಾಟಕ್ಕ ಬರೋಬ್ಬರಿ ಆಗ್ತೈತೇನ್ರಿ?

ಜಮಖಂಡಿ_ಬಸು:
ನಮಸ್ಕಾರ್ರಿ ಎಲ್ಲಾರಿಗೂ. ನನ್ನ ಕಡೆ ಸ್ವಿಫ್ಟ್ ಡೀಸೆಲ್ ಐತಿ, ಅದ 1.3 ಇಂಜಿನ್ದು, ಇಂಜಿನ್ ಇನ್ನೂ ಗಟ್ಟಿ ಐತಿ ಆದ್ರ ಸಸ್ಪೆನ್ಷನ್, ಎಸಿ ಅಂತ ಒಂದಾದ ಮ್ಯಾಲೊಂದು ಖರ್ಚು ಬರಾಕತ್ತೈತಿ, ಮನ್ಯಾಗೂ ದೊಡ್ಡ ಗಾಡಿ ಬೇಕಂತ ಗಂಟಬಿದ್ದಾರ. ಮಾರುತಿಯವ್ರು 2020ಕ್ಕ ಡೀಸೆಲ್ ಬಂದ್ ಮಾಡಿಬಿಟ್ರು, ಹಂಗಾಗಿ ಅಂಥಾದ ಇನ್ನೊಂದು ಹೊಸಾದು ಸಿಗಂಗಿಲ್ಲ.

ಓಡಾಟ ಅಂದ್ರ ಹೆಚ್ಚು ಜಮಖಂಡಿ-ವಿಜಯಪುರ, ನಡುನಡುವ ಬೆಳಗಾವಿ, ಮಗಳು ಅಲ್ಲಿ ಓದಾಕತ್ತಾಳ. ವರ್ಷಕ್ಕ ಒಂದು 15 ಸಾವಿರ ಕಿಮೀ ಹಿಡೀರಿ. ಶೋರೂಮಿಗೆ ಹೋದ್ರ ಆ ಹುಡುಗ ಇದೂ ಹೈಬ್ರಿಡ್ ಸರ, ಅದೂ ಹೈಬ್ರಿಡ್ ಸರ ಅಂತಾನ, ಒಂದರ ಮೈಲೇಜ್ 21 ಇನ್ನೊಂದರದು 28, ಬೆಲಿಯಾಗ ಲಕ್ಷಗಟ್ಟಲೆ ಫರಕ್, ಯಾಕ ಅಂತ ಕೇಳಿದ್ರ ಅದು ಟಾಪ್ ಮಾಡೆಲ್ ಐತ್ರಿ ಅಂತ ನಕ್ಕು ಕಾಫಿ ತರಿಸ್ದ. ಇನ್ನ ನಮ್ಮ ಕಾಕಾ ಒಬ್ರು, ಬ್ಯಾಟರಿ ಹೋತಂದ್ರ ಹೊಲಾ ಮಾರಬೇಕಾಗ್ತೈತಿ ಅಂತಾರ. ತಿಳದವ್ರು ಸ್ವಲ್ಪ ಬಿಡಿಸಿ ಹೇಳ್ರಿ. ಇಷ್ಟು ದಿವಸ ಇಲ್ಲದ್ದು ಈಗ ಎಲ್ಲಾ ಕಂಪನಿಯವ್ರಿಗೂ ಒಮ್ಮೆಲೆ ಯಾಕ ಹೈಬ್ರಿಡ್ ಹುಚ್ಚು ಹತ್ತೇತಿ ಅನ್ನೂದೂ ತಿಳೀವಲ್ದು.

ವಿದ್ಯಾಗಿರಿ_ಡಿಪ್ಲೊಮಾ:
ಬಸು ಅಣ್ಣಾರ, ಹೈಬ್ರಿಡ್ ಅಂದ್ರ ಇಂಜಿನ್ ಜೋಡಿ ಕರೆಂಟ್ ಮೋಟರೂ ಇರೋ ಗಾಡಿ. ನಿಮಗ 21 ಅಂತ ಹೇಳಿದ್ದು ಮೈಲ್ಡ್ ಹೈಬ್ರಿಡ್. ಅದ್ರಾಗ ಇಂಜಿನ್ನಿಗೆ ಬೆಲ್ಟ್ ಹಾಕಿ ಒಂದು ಸ್ಟಾರ್ಟರ್-ಜನರೇಟರ್ ಕೂಡ್ಸಿರ್ತಾರ, ಗಾಡಿ ನಿಂತಾಗ ಇಂಜಿನ್ ಬಂದ್ ಮಾಡ್ತೈತಿ, ಮತ್ತ ಎಬ್ಬಿಸ್ತೈತಿ, ಗಾಡಿ ಎತ್ತುವಾಗ ಒಂದೀಟು ಕೈ ಹಚ್ಚತೈತಿ, ಮುಗೀತು. ಬರೇ ಕರೆಂಟಿನ ಮ್ಯಾಲ ಒಂದು ಮಾರು ಸೈತ ಹೋಗಂಗಿಲ್ಲ. ಕಾಗದದ ಮ್ಯಾಲ 27.97 ಅಂತ ಇರೋ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ಪೂರ್ತಿ ಬ್ಯಾರೆ ಜಾತಿ. 1.5 ಲೀಟರ್ ಮೂರು ಸಿಲಿಂಡರ್ ಇಂಜಿನ್, ಎರಡು ಮೋಟರ್, ನಡುವ ಇವನ್ನೆಲ್ಲಾ ಕೂಡ್ಸೊ ಪ್ಲಾನೆಟರಿ ಗೇರ್. ಕ್ಲಚ್ ಇಲ್ಲ, ಬ್ಯಾರೆ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಬ್ಯಾಟರಿ ಮಾತ್ರ ಒಂದು ಯುನಿಟ್ ಕರೆಂಟೂ ಹಿಡಿಯೂದಿಲ್ಲ, 0.76 ಅಷ್ಟ, ಪೂರ್ತಿ ಬ್ಯಾಟರಿ ಮ್ಯಾಲ ಓಡೊ ಇವಿ ಕಾರಿನಾಗ 40-50 ಇರ್ತೈತಿ. ಯಾಕಂದ್ರ ಅದು ದೂರ ಒಯ್ಯಾಕ ಇಟ್ಟಿದ್ದಲ್ಲ, ಬ್ರೇಕ್ ಹಿಡದಾಗ ಬಿಸಿಯಾಗಿ ಹೋಗೊ ಶಕ್ತಿ ಹಿಡಕೊಂಡು ಮುಂದಿನ ಸಲ ಎತ್ತುವಾಗ ವಾಪಸ್ ಕೊಡಾಕ ಇಟ್ಟಿದ್ದು.

ಹಂಗಾಗಿ ಎಲ್ಲಿ ನಿಂತು ನಿಂತು ಹೋಗ್ತೀರಿ ಅಲ್ಲಿ ಲಾಭ, ಎಲ್ಲಿ ಒಂದ ಸಮ 100ರ ಮ್ಯಾಲ ಹೋಗ್ತೀರಿ ಅಲ್ಲಿ ಲಾಭ ಕಮ್ಮಿ. ಲೆಕ್ಕ ಹಾಕ್ರಿ. ಊರೊಳಗ ಪೆಟ್ರೋಲ್ ಆಟೊಮ್ಯಾಟಿಕ್ 14 ಕೊಟ್ರ ಸ್ಟ್ರಾಂಗ್ ಹೈಬ್ರಿಡ್ 22 ಕೊಡ್ತೈತಿ ಅನ್ರಿ, 15 ಸಾವಿರ ಕಿಮೀಗೆ 390 ಲೀಟರ್ ಹತ್ತಿರ ಉಳೀತೈತಿ, ₹103ರಂಗ 40 ಸಾವಿರ. ಅದ ಹೈವೇದಾಗ 17 ಮತ್ತ 20 ಅಂತ ಹಿಡದ್ರ ಉಳಿಯೂದು ವರ್ಷಕ್ಕ 13-14 ಸಾವಿರ. ಎರಡೂವರಿ ಲಕ್ಷ ಹೆಚ್ಚ ಕೊಟ್ಟಿದ್ರ ಮೊದಲನೆ ಲೆಕ್ಕಕ್ಕ ಆರೇಳು ವರ್ಷ, ಎರಡನೆ ಲೆಕ್ಕಕ್ಕ ಮಗಳ ಲಗ್ನ ಆಗಿ ಮೊಮ್ಮಗ ಸಾಲಿಗೆ ಹೋಗ್ತಾನ 😄

ಆದ್ರ ನಿಮ್ಮ ರಸ್ತೆ ಹೈವೇ ಅಂತ ನಾ ಒಪ್ಪಂಗಿಲ್ಲ. ಊರಿಗೆ ಎರಡು ಹಂಪ್, ಅದೂ ಪೇಂಟ್ ಇಲ್ಲದ್ದು, ಕಾರ್ಖಾನೆ ಚಾಲೂ ಆದ ಮ್ಯಾಲಂತೂ ಡಬಲ್ ಟ್ರೇಲರ್ ಹಚ್ಚಿದ ಕಬ್ಬಿನ ಟ್ರ್ಯಾಕ್ಟರ್ ಹಿಂದ ಇಪ್ಪತ್ತರ ಸ್ಪೀಡಿನಾಗ ತೆವಳಬೇಕು, ಎದುರಿಗೆ ಖಾಲಿ ಬರೂತನ ಕಾಯಬೇಕು. ಅಂಥಲ್ಲಿ ಇಂಜಿನ್ ಬಂದ್ ಆಗಿ ಗಾಡಿ ಮೋಟರ್ ಮ್ಯಾಲ ಹೋಗ್ತಿರ್ತೈತಿ. ಸೀಸನ್ನಿನ್ಯಾಗ ನಿಮಗ ಊರೊಳಗಿನ ಲೆಕ್ಕದ ಹತ್ರ ಹತ್ರ ಬರ್ತೈತಿ ಅಂತ ನನ್ನ ಅಂದಾಜು.

ಬ್ಯಾಟರಿ ಸುದ್ದಿ: 8 ವರ್ಷ ಅಥವಾ 1.6 ಲಕ್ಷ ಕಿಮೀ ವಾರಂಟಿ ಐತಿ, ಕಾಕಾಗ ಹೊಲಾ ಮಾರೂದು ಬ್ಯಾಡ ಅಂತ ಹೇಳ್ರಿ. ಆದ್ರ ಒಂದು ನೆನಪಿಡ್ರಿ, ಟೊಯೊಟಾದ ಭಾಳ ಹೈಬ್ರಿಡ್‌ಗಳಾಗ ಬ್ಯಾಟರಿ ತಂಪಾಗೂದು ಒಳಗಿನ ಎಸಿ ಗಾಳಿಲೆ, ಹಿಂದಿನ ಸೀಟಿನ ಬಾಜೂಕ ಗಾಳಿ ಎಳಕೊಳ್ಳೊ ಜಾಳಿಗಿ ಇರ್ತೈತಿ. ಅದಕ್ಕ ಚೀಲ, ಹಾಸಿಗಿ ಆತುಬಿಟ್ರ ಅಥವಾ ನಮ್ಮ ಕಡಿ ಧೂಳು ಕಟ್ಟಿದ್ರ ಬ್ಯಾಟರಿ ಕಾಯಾಕ ಶುರು. ಸರ್ವಿಸಿಗೆ ಬಿಟ್ಟಾಗ ಆ ಜಾಳಿಗಿ ತೆಗದು ಸ್ವಚ್ಛ ಮಾಡ್ರಿ ಅಂತ ಬಾಯಿಬಿಟ್ಟ ಹೇಳ್ರಿ. ಕಿತ್ತಳಿ ಬಣ್ಣದ ಕೇಬಲ್ ಇದ್ದಲ್ಲಿ ಮಾತ್ರ ಮೂಲೀ ಗ್ಯಾರೇಜಿನವ್ರಿಗೆ ಕೈ ಹಾಕಾಕ ಕೊಡಬ್ಯಾಡ್ರಿ, ಅದು ಹೈ ವೋಲ್ಟೇಜ್.

ಗುಮ್ಮಟದೂರ_ಡ್ರೈವರ್:
ನಾವು ಬಾಡಗಿ ಗಾಡಿ ಓಡಸೋರು, ವಿಜಯಪುರದಿಂದ ತಿರುಪತಿ, ಶಿರಡಿ, ಪಂಢರಪುರ. ನಮ್ಮ ಮಂದಿ ಇನ್ನೂ ಟೊಯೊಟಾದ ಇನ್ನೋವಾ ಕ್ರಿಸ್ಟಾ ಡೀಸೆಲ್ ಬಿಟ್ಟಿಲ್ಲ. ಹೊಸಾ ಇನ್ನೋವಾ ಹೈಕ್ರಾಸ್ ಕೂಡಾಕ ಭಾಳ ಛಲೋ ಅದ, ಸದ್ದಿಲ್ಲ, ಆದ್ರ ಅದು ಮುಂದಿನ ಗಾಲಿ ಎಳ್ಯೋ ಗಾಡಿ, ಕ್ರಿಸ್ಟಾ ಚಾಸಿ ಮ್ಯಾಲ ಕೂತ ಗಾಡಿ, ಹಿಂದಿನ ಗಾಲಿ ದೂಡ್ತದ. ಎಂಟು ಮಂದಿ, ಮ್ಯಾಲೆ ಕ್ಯಾರಿಯರ್ ತುಂಬ ಗಂಟುಮೂಟಿ, ಹಿಂಗ ಹೇರಿಕೊಂಡು ಹೋಗೋರಿಗೆ ಅದ ಬೇಕು.

ಇನ್ನೊಂದು ಸುದ್ದಿ ಯಾರೂ ಹೇಳೂದಿಲ್ಲ. 2025 ಸೆಪ್ಟೆಂಬರ್ 22ಕ್ಕ ಜಿಎಸ್‌ಟಿ ಬದಲಾತು ನೋಡ್ರಿ, ಅದಕ್ಕಿಂತ ಮೊದಲ ಕ್ರಿಸ್ಟಾಕ್ಕ ಸೆಸ್ ಕೂಡಿ 50%, ಹೈಕ್ರಾಸ್ ಹೈಬ್ರಿಡ್‌ಗೆ 43%. ಈಗ ಎರಡಕ್ಕೂ 40. ಅಂದ್ರ ಡೀಸೆಲ್ಲಿಗೆ ಹತ್ತು ಇಳೀತು, ಹೈಬ್ರಿಡ್‌ಗೆ ಮೂರ. ಪರಿಸರ ಪರಿಸರ ಅಂತ ಭಾಷಣ, ಕೊನೀಗೆ ಹೊಗಿ ಬಿಡೊ ಗಾಡಿಗೇ ಹೆಚ್ಚು ಇಳಿಸಿ ಕೂತಾರ. ನಮಗ ಛಲೋನ ಆತು ಬಿಡ್ರಿ, ನಾ ಯಾಕ ಬೈಲಿ.

ಬಸು ಅಣ್ಣಾ, ನಿಮ್ಮದು ಮನಿ ಗಾಡಿ, ನಾಕೈದು ಮಂದಿ, ನಿಮಗ ಡೀಸೆಲ್ ಹಟ ಬ್ಯಾಡ. ಹೊಸ ಡೀಸೆಲ್ಲಿನ ಡಿಪಿಎಫ್, ಅಂದ್ರ ಹೊಗಿಯಾಗಿನ ಮಸಿ ಸೋಸೊ ಫಿಲ್ಟರ್ ಅನ್ನೂದು ಸಣ್ಣ ಸಣ್ಣ ಓಡಾಟದಾಗ ಮಸಿ ಕಟ್ಟಿ ಕಟ್ಟಿ ತ್ರಾಸ ಕೊಡ್ತದ.

ಉದ್ಯಮಬಾಗ_ಮಶಿನ್‌ಶಾಪ್:
ಹುಚ್ಚು ಯಾಕ ಹತ್ತೇತಿ ಅಂತ ಕೇಳಿದ್ರಲ್ಲ, ಅದನ್ನ ನಾ ಹೇಳ್ತೀನಿ, ನಮ್ಮ ಹೊಟ್ಟೀ ಪಾಡ ಅದರ ಮ್ಯಾಲ ಐತಿ. ಬೆಳಗಾವ್ಯಾಗ ಉದ್ಯಮಬಾಗ, ಮಚ್ಛೆ, ಹೊನಗಾ ಈ ಮೂರೂ ಕಡೆ ಫೌಂಡ್ರಿ, ಮಶಿನ್‌ಶಾಪ್ ತುಂಬ್ಯಾವು, ಬೀಡು ಎರಕಾ ಹೊಯ್ದು ಮಶಿನಿಂಗ್ ಮಾಡಿ ದೊಡ್ಡ ಕಂಪನಿಗೆ ಕಳಸೋರು.

ಗಿರಾಕಿ ಬೇಡ್ತಾನ ಅಂತ ಕಂಪನಿಯವ್ರು ಗಾಡಿ ಮಾಡ್ತಾರ ಅಂತ ಹೊರಗಿನ ಮಂದಿ ತಿಳದಾರ. ಅರ್ಧ ಖರೆ. ಕೆಫೆ ಅಂತ ಒಂದು ನಿಯಮ ಐತಿ, ಅಂದ್ರ ಒಂದು ಕಂಪನಿ ವರ್ಷದಾಗ ಮಾರಿದ ಎಲ್ಲಾ ಕಾರು ಕೂಡ್ಸಿ ಸರಾಸರಿ ತಗೀತಾರ, ಕಿಲೋಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಅಂತ. 2022-23ರಿಂದ ಅದು 113ರ ಆಜೂಬಾಜೂ ಇರಬೇಕು, ದಾಟಿದ್ರ ದಂಡ. 2027 ಏಪ್ರಿಲ್‌ದಿಂದ ಮುಂದಿನ ಹಂತ, ಇನ್ನೂ ಬಿಗಿ. ಈಗ ಮಂದಿಗೆಲ್ಲಾ ದೊಡ್ಡ ದೊಡ್ಡ ಎಸ್‌ಯುವಿನ ಬೇಕು, ಸಣ್ಣ ಕಾರ ಕೇಳೋರಿಲ್ಲ, ಸರಾಸರಿ ಏರತೈತಿ. ಅದನ್ನ ಕೆಳಗ ಎಳ್ಯಾಕ ಏನ ಮಾಡ್ಬೇಕು? ಈಗ ಚಾಲ್ತಿ ಇರೋ ಲೆಕ್ಕದಾಗ ಒಂದು ಇವಿ ಮಾರಿದ್ರ ಮೂರು ಗಾಡಿ ಅಂತ ಎಣಸ್ತಾರ, ಒಂದು ಸ್ಟ್ರಾಂಗ್ ಹೈಬ್ರಿಡ್ ಮಾರಿದ್ರ ಎರಡು. ಇವಿಯಾಗ ಮುಂದಿರೋ ಟಾಟಾ, ಮಹೀಂದ್ರಾದವ್ರಿಗೆ ಹೈಬ್ರಿಡ್‌ಗೆ ರಿಯಾಯಿತಿ ಕೊಡೂದು ಸೇರಂಗಿಲ್ಲ, ಹೈಬ್ರಿಡ್ ಕೈಯಾಗಿರೋ ಟೊಯೊಟಾ, ಮಾರುತಿಗೆ ಅದ ಬೇಕು. ಸಣ್ಣ ಕಾರಿಗೆ ಸಡಲಿಕಿ ಕೊಡ್ರಿ ಅಂತ ಮಾರುತಿ, ಕೊಡಬ್ಯಾಡ್ರಿ ಅಂತ ಟಾಟಾ, ಮಹೀಂದ್ರಾದವ್ರು, ದಿಲ್ಯಾಗ ಜಗಳಾನ ಜಗಳ. ನಿಮ್ಮ ಶೋರೂಮ್ ಹುಡುಗನ ಬಾಯಾಗ ಹೈಬ್ರಿಡ್ ಹೈಬ್ರಿಡ್ ಅಂತ ಬರಾಕತ್ತಿದ್ದು ಈ ಜಗಳದ್ದ ಪಾಲು.

ಮ್ಯಾಲೆ ಚೀನಾದವ್ರದೊಂದು. 2025 ಏಪ್ರಿಲ್‌ದಾಗ ರೇರ್ ಅರ್ಥ್ ಲೋಹ, ಮ್ಯಾಗ್ನೆಟ್ ಹೊರಗ ಕಳಸಾಕ ಲೈಸೆನ್ಸ್ ಬೇಕಂದ್ರು, ಜಪಾನಿನ್ಯಾಗ ಸುಝುಕಿಯವ್ರು ಸ್ವಿಫ್ಟ್ ಲೈನ್ ಕೆಲವು ದಿನ ನಿಲ್ಲಿಸಬೇಕಾತು. ಕಾರೇನೋ ಪೆಟ್ರೋಲಿಂದ, ಬೆರಳಷ್ಟು ಮ್ಯಾಗ್ನೆಟ್ ಇಲ್ಲಂತ ಲೈನ್ ಬಂದ್! ಹೈಬ್ರಿಡ್ ಮೋಟರಿಗೂ ಅದ ಮ್ಯಾಗ್ನೆಟ್ ಬೇಕು. 2021ರಾಗ ಚಿಪ್ಪಿನ ಕೊರತಿ ಬಂದಾಗ ದೊಡ್ಡ ಕಂಪನಿಯವ್ರು ಶೆಡ್ಯೂಲ್ ಕಟ್ ಮಾಡಿದ್ರ ಇಲ್ಲಿ ನಮ್ಮ ಶಾಪಿನ್ಯಾಗ ಎರಡನೇ ಶಿಫ್ಟ್ ಬಂದ್ ಆಗಿತ್ತು, ನಾವು ಚಿಪ್ಪಿನ ಮುಖಾನ ನೋಡಿದವ್ರಲ್ಲ.

ನಮಗ ಹೈಬ್ರಿಡ್ ಬಂದ್ರ ಒಳ್ಳೇದ, ಸ್ವಾರ್ಥದ ಮಾತು ಅನ್ರಿ ಬೇಕಾದ್ರ. ನಮ್ಮ ವಿಎಂಸಿ ಅನ್ನೊ ಕಂಪ್ಯೂಟರ್ ಮಶಿನ್ ಮ್ಯಾಲ ಎಕ್ಝಾಸ್ಟ್ ಮ್ಯಾನಿಫೋಲ್ಡ್, ಅಂದ್ರ ಇಂಜಿನ್ನಿನ ಹೊಗಿ ಹೊರಗ ಒಯ್ಯೊ ಪಾರ್ಟ್ ಕೂಡ್ಸಿ ಮೊದಲ ಫ್ಲ್ಯಾಂಜ್ ಫೇಸ್ ಹೊಡದು ಆಮ್ಯಾಲ ಡ್ರಿಲ್, ಟ್ಯಾಪ್ ಮಾಡ್ತೀವಿ, ಒಂದರ ಹಿಂದ ಒಂದು, ದಿನಾ ಅದ. ಇವಿಯಾಗ ಆ ಪಾರ್ಟ್ ಇಲ್ಲನ ಇಲ್ಲ. ಫ್ಲೈವೀಲ್ ಇಲ್ಲ, ಕ್ಲಚ್ ಹೌಸಿಂಗ್ ಇಲ್ಲ. ಹೈಬ್ರಿಡ್‌ದಾಗ ಕ್ಲಚ್ ಹೋದ್ರೂ ಇಂಜಿನ್ ಉಳದೈತಿ, ಇಂಜಿನ್ ಉಳದ್ರ ಮ್ಯಾನಿಫೋಲ್ಡ್ ಉಳೀತೈತಿ. ಆದ್ರ ಹಗುರ ಆಗ್ಬೇಕಂತ ಬೀಡು ಬಿಟ್ಟು ಅಲ್ಯುಮಿನಿಯಮ್ ಕಡೆ ಹೊಂಟಾರ, ಅದಕ್ಕ ಡೈಕಾಸ್ಟಿಂಗ್ ಮಶಿನ್ ಬೇಕು, ಅದರ ರೊಕ್ಕಾ ಎಲ್ಲಿ ತರೂದು, ಮ್ಯಾಲೆ ದೊಡ್ಡವ್ರು ವರ್ಷಾ ವರ್ಷಾ ರೇಟ್ ಇಳಸ್ರಿ ಅಂತ ಮೇಲ್ ಹಾಕ್ತಾರ. ಅದಕ್ಕ ನಮ್ಮಲ್ಲಿ ಭಾಳ ಮಂದಿ ಹೈಡ್ರಾಲಿಕ್ಸ್, ಟ್ರ್ಯಾಕ್ಟರ್ ಕೆಲಸ ಕೈ ಬಿಡಂಗಿಲ್ಲ.

ಇನ್ನೊಂದು, ಈ ಹೈರೈಡರ್ ತಯಾರಾಗೂದು ಬಿಡದಿಯಾಗ ಟೊಯೊಟಾ ಕಿರ್ಲೋಸ್ಕರದಾಗ. ಆ ಕಿರ್ಲೋಸ್ಕರ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಾಗ ಸೈಕಲ್ ಅಂಗಡಿ ತಗದಿದ್ದು ನಮ್ಮ ಬೆಳಗಾವ್ಯಾಗ, ಇವತ್ತಿಗೂ ಕಿರ್ಲೋಸ್ಕರ ರೋಡ್ ಅಂತಾರ. ಜಾಗಾ ಹೋತಂತ 1910ಕ್ಕ ಅವ್ರು ಊರು ಬಿಟ್ರು. ಉಳಿಸಿಕೊಂಡಿದ್ರ ಬಿಡದಿ ಇಲ್ಲೇ ಇರ್ತಿತ್ತು ಅಂತ ಚಹಾ ಕುಡಿಯುವಾಗ ನಾವು ಹೊಟ್ಟಿ ಉರಕೊಳ್ಳೂದು ಇದ್ದದ್ದ.

ಕುಂದಾನಗರಿ_ಇವಿ:
ಎಲ್ಲಾರೂ ಇಷ್ಟು ಉದ್ದ ಬರದೀರಿ, ಇವಿ ಬಗ್ಗೆ ಒಬ್ರೂ ಇಲ್ಲ. ಹೈಬ್ರಿಡ್‌ಗೆ 40% ಜಿಎಸ್‌ಟಿ, ಮ್ಯಾಲೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ 17%. ಇವಿಗೆ ಜಿಎಸ್‌ಟಿ ಬರೇ 5%. ಉತ್ತರ ಪ್ರದೇಶದವ್ರು 2024 ಜುಲೈನಾಗ ಸ್ಟ್ರಾಂಗ್ ಹೈಬ್ರಿಡ್‌ಗೂ ನೋಂದಣಿ ಟ್ಯಾಕ್ಸ್ ಮಾಫ್ ಮಾಡಿದ್ರು, ಇಲ್ಲಿ ಗಾಡಿ ಮಾಡಿದ್ವಿ, ಆವಾಗ ಅಲ್ಲಿ ಮಂದಿಗೆ ಅಗ್ಗ ಆತು. ದಿನಾ ಒಂದ ರೂಟ್ ಓಡಾಡೋರಿಗೆ ಮನ್ಯಾಗ ಚಾರ್ಜ್ ಮಾಡ್ಕೊಂಡ್ರ ಒಂದು ಯುನಿಟ್ಟಿಗೆ 6 ಕಿಮೀ ಹಿಡದ್ರೂ ಪೆಟ್ರೋಲ್ ಎಲ್ಲಿ, ಅದೆಲ್ಲಿ.

ಜಮಖಂಡಿ_ಬಸು:
ತಮ್ಮಾ, ಮಾತು ಖರೆ. ಆದ್ರ ನಮ್ಮ ಮನಿ ಹಳೇ ಓಣ್ಯಾಗ, ಗಾಡಿ ನಿಲ್ಲಸೂದು ಗುಡಿ ಮುಂದ. ವಾಯರ್ ಎಳದ್ರ ಮೊದಲ ಪೂಜಾರಪ್ಪನ ಕಾಲಿಗೆ ತೊಡಕ್ತೈತಿ. ಇವಿ ಮುಂದಿನ ಗಾಡಿಗೆ ನೋಡೂಣು. ಇನ್ನ ಇ20 ಪೆಟ್ರೋಲಿಂದ ಮೈಲೇಜ್ ಬೀಳತೈತಿ ಅಂತಾರಲ್ಲ, ಅದು ಹೈಬ್ರಿಡ್‌ಗೂ ಬೀಳತೈತೇನು?

ವಿದ್ಯಾಗಿರಿ_ಡಿಪ್ಲೊಮಾ:
ಬೀಳತೈತ್ರಿ. ಎಥನಾಲ್‌ದಾಗ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ, 20% ಬೆರಸಿದ್ರ ಯಾವ ಇಂಜಿನ್ನಿಗಾದ್ರೂ ಒಂದೀಟು ಬೀಳೂದು ಇದ್ದದ್ದ. ಹೊಸ ಗಾಡಿಗೆ ಪೈಪು, ರಬ್ಬರ್ ಹಾಳಾಗೊ ಹೆದರಿಕಿ ಇಲ್ಲ, 2023 ಏಪ್ರಿಲ್ ಆದ ಮ್ಯಾಲ ಬಂದಾವು ಇ20ಗೆ ತಾಳತಾವು. ಮತ್ತ ನೀವು ಕಬ್ಬಿನವ್ರು, ಎಥನಾಲ್‌ಗೆ ಬೈಯಾಕ ನಿಮಗ ಬಾಯಿ ಬರ್ತೈತೇನ್ರಿ? 2023ರಾಗ ಗಡಕರಿಯವ್ರು ಎಥನಾಲ್ ಮ್ಯಾಲ ಓಡೊ ಹೈಬ್ರಿಡ್ ಇನ್ನೋವಾ ತೋರಿಸಿದ್ರು, ಅದು ಅಂಗಡಿಗೆ ಬಂದ್ರ ಮೊದಲ ಮಾರಾಟ ಮುಧೋಳದಾಗ ಆಗ್ಬೇಕು ನೋಡ್ರಿ. ಕಬ್ಬಿನ ಬಿಲ್ ಮಾತ್ರ ಕಾರ್ಖಾನೆಯವ್ರು ಕೊಟ್ಟ ಮ್ಯಾಲ 😄

ಟಿಳಕವಾಡಿ_ಅಕ್ಕ:
ಹೈರೈಡರ್ ಹೈಬ್ರಿಡ್ ಮನ್ಯಾಗ ಐತಿ, ನಾನ ಓಡಿಸ್ತೀನಿ, ಅದಕ್ಕ ಬರ್ಯಾಕತ್ತೀನಿ. ಟಿಳಕವಾಡಿಯಿಂದ ಚನ್ನಮ್ಮ ಸರ್ಕಲ್‌ತನಕ ಇಂಜಿನ್ ಎದ್ದಿದ್ದು ಕಮ್ಮಿ, ರೈಲ್ವೆ ಗೇಟ್ ಬಿದ್ದಾಗ ಎಸಿ ಹಾಕ್ಕೊಂಡ ಕೂತ್ರೂ ಸ್ವಲ್ಪ ಹೊತ್ತು ಬ್ಯಾಟರಿ ಮ್ಯಾಲ ನಡೀತೈತಿ, ಬ್ಯಾಟರಿ ಇಳೀತಂದ್ರ ಇಂಜಿನ್ ತಾನ ಎದ್ದು ತುಂಬಿಕೊಂಡು ಮತ್ತ ಮಲಗ್ತೈತಿ. ಊರಾಗ 23-24 ಬರ್ತೈತಿ. ಧಾರವಾಡ ಹೈವೇದಾಗ ನಮ್ಮನಿಯವ್ರು 110ರ ಮ್ಯಾಲ ಒತ್ತಿದ್ರ 18-19ಕ್ಕ ಇಳೀತೈತಿ, ಆಮ್ಯಾಲ ಗಾಡೀಗೆ ಬೈತಾರ.

ಯಾರೂ ಹೇಳದ್ದು ಒಂದು ಹೇಳ್ತೀನಿ. ಗೋವಾಕ್ಕ ಚೋರ್ಲಾ ಘಾಟ್ ಇಳಿಯುವಾಗ ಬ್ಯಾಟರಿ ಸಣ್ಣದು ಇರೂದ್ರಿಂದ ಲಗೂನ ತುಂಬಿಬಿಡ್ತೈತಿ. ತುಂಬಿದ ಮ್ಯಾಲ ಗಾಡಿ ತಡ್ಯಾಕ ಇಂಜಿನ್ ತಾನ ಜೋರ್ ತಿರಗಾಕ ಶುರು ಮಾಡ್ತೈತಿ, ಆಕ್ಸಿಲೇಟರ್ ಮ್ಯಾಲ ಕಾಲ ಇಲ್ಲ, ಆದ್ರೂ ಹೊಂಯ್ ಅಂತ ಸದ್ದು. ನಮ್ಮತ್ತಿ ಗಾಡಿ ಕೆಟ್ಟತಂತ ದೇವ್ರನ್ನ ನೆನಸಾಕ ಶುರು ಮಾಡಿದ್ರು. ಕೆಟ್ಟಿರಂಗಿಲ್ಲ, ಅದು ಇಂಜಿನ್ ಬ್ರೇಕ್. ಘಾಟ್ ಹತ್ತುವಾಗ ಸೈತ ಸದ್ದು ಹೆಚ್ಚ, ಡೀಸೆಲ್ಲಿನ ಎಳತ ಬೇಕನ್ನೋರಿಗೆ ಮನಸ್ಸು ತುಂಬಂಗಿಲ್ಲ. ಬಸು ಅಣ್ಣಾರ, ಮೊದಲ ನೀವು ಕೂತು ಓಡ್ಸಿ ನೋಡ್ರಿ, ಸ್ವಿಫ್ಟ್ ಡೀಸೆಲ್ ಟರ್ಬೊ ಎಳದಂಗ ಇದು ಎಳಿಯಂಗಿಲ್ಲ.

ಜಮಖಂಡಿ_ಬಸು:
ಅಕ್ಕಾರ ಭಾಳ ಉಪಕಾರ ಆತು. ಮೈಲ್ಡ್ ಅಂತೂ ಬ್ಯಾಡ ಅಂತ ಮನ್ಯಾಗ ಹೇಳೀನಿ. ಸ್ಟ್ರಾಂಗ್ ಓಡ್ಸಿ ನೋಡಿ ಮುಂದ. ಡಿಕ್ಕಿ ಹೆಂಗ್ರಿ? ಮಗಳನ್ನ ಹಾಸ್ಟೆಲ್ಲಿಗೆ ಬಿಡಾಕ ಹೋದ್ರ ಹಾಸಿಗಿ, ಬಕೀಟು, ರೊಟ್ಟಿ ಡಬ್ಬಿ, ಶೇಂಗಾ ಹಿಂಡಿ, ಎಲ್ಲಾ ಹೇರಬೇಕು.

ಟಿಳಕವಾಡಿ_ಅಕ್ಕ:
ಅಲ್ಲೇ ತ್ರಾಸ ನೋಡ್ರಿ. ಬ್ಯಾಟರಿ ಡಿಕ್ಕಿ ಕೆಳಗ ಇರೂದ್ರಿಂದ ನೆಲಾ ಎತ್ತರ ಆಗೇತಿ, ಪೆಟ್ರೋಲ್ ಮಾಡೆಲ್ಲಿನಾಗ 373 ಲೀಟರ್ ಇದ್ದದ್ದು ಹೈಬ್ರಿಡ್‌ದಾಗ 265 ಅಷ್ಟ. ದೊಡ್ಡ ಸೂಟ್‌ಕೇಸ್ ನಿಲ್ಲಿಸಾಕ ಬರಂಗಿಲ್ಲ, ಅಡ್ಡ ಮಲಗಿಸಬೇಕು. ಟೆಸ್ಟ್ ಡ್ರೈವಿಗೆ ಹೋಗುವಾಗ ಆ ಬಕೀಟು, ಹಾಸಿಗಿ ಸುರುಳಿ ತೊಗೊಂಡ ಹೋಗಿ ಇಟ್ಟು ನೋಡ್ರಿ, ಶೋರೂಮಿನವ್ರು ನಕ್ರ ನಗಲಿ.