ಪ್ರಾಗ್‌ಗೆ ಹೊರಟ ದೊಡ್ಡಪ್ಪನಿಗೆ: ಗೈಡ್ ಬೇಕು, ಆದರೆ ಆ ಬಸ್ಸು ಬೇಡ

ದೊಡ್ಡಪ್ಪ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ಪ್ಯಾಕೇಜ್ ನೋಡಿದೆ. ಒಂದೇ ದಿನದಲ್ಲಿ ಪೂರ್ತಿ ಪ್ರಾಗ್, ಬಸ್ಸು, ದೋಣಿ, ಊಟ ಎಲ್ಲ ಸೇರಿ, ತಗೊಳ್ಳೋಣವಾ ಅಂತ ಕೇಳಿದ್ದೀರಿ. ಅದರ ಕೆಳಗೇ ಭಾವ ‘ಗೈಡ್‌ಗೆ ದುಡ್ಡು ಯಾಕೆ, ಯೂಟ್ಯೂಬ್‌ನಲ್ಲಿ ಎಲ್ಲ ಇದೆ’ ಅಂತ ಹಾಕಿದ್ದಾರೆ. ನನಗೆ ಎರಡೂ ಸರಿ ಕಾಣಲಿಲ್ಲ. ಟೈಪ್ ಮಾಡಿದರೂ ಇದು ವಾಯ್ಸ್ ಮೆಸೇಜಿನಷ್ಟೇ ಉದ್ದ ಆಗುತ್ತದೆ, ದೊಡ್ಡಮ್ಮನಿಗೂ ಓದಿ ಹೇಳಿ.

ಮೊದಲು ಬಸ್ಸಿನ ವಿಷಯ. ಪ್ರಾಗ್‌ನಲ್ಲಿ ನೋಡಬೇಕಾದ ಹಳೆಯ ಭಾಗಕ್ಕೆ ದೊಡ್ಡ ಬಸ್ಸು ಹೋಗುವುದೇ ಇಲ್ಲ. ಹಳೆ ಪೇಟೆಯ ಚೌಕ, ಚಾರ್ಲ್ಸ್ ಸೇತುವೆ, ಕೋಟೆಯ ಒಳಗೆ, ಎಲ್ಲ ಕಡೆ ನಡೆದೇ ಓಡಾಡಬೇಕು. ಬಸ್ಸು ಎಲ್ಲೋ ಅಂಚಿನಲ್ಲಿ ಇಳಿಸುತ್ತದೆ, ಮತ್ತೆ ಅಲ್ಲಿಗೇ ಓಡಿ ಬರಬೇಕು. ಐವತ್ತು ಜನರ ಗುಂಪಿನಲ್ಲಿ ಹಿಂದೆ ನಿಂತವರಿಗೆ ಗೈಡ್‌ನ ಛತ್ರಿ ಕಾಣುತ್ತದೆ ಅಷ್ಟೇ, ಮಾತು ಕೇಳುವುದಿಲ್ಲ. ಆ ಪ್ಯಾಕೇಜಿನ ಊಟದಲ್ಲಿ ದೊಡ್ಡಮ್ಮ ತಿನ್ನುವಂಥದ್ದು ಏನಿರುತ್ತದೋ ಅದೂ ಗೊತ್ತಿಲ್ಲ.

ಈಗ ಭಾವನಿಗೆ ಉತ್ತರ. ಭಾವ, ಹಳೆ ಪೇಟೆಯ ಟೌನ್‌ಹಾಲ್ ಮುಂದೆ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. ಜನ ಅವುಗಳ ಮೇಲೆ ನಿಂತುಕೊಂಡೇ ಗಡಿಯಾರದ ಫೋಟೊ ತೆಗೆಯುತ್ತಾರೆ. ಅವು ಯಾಕಿವೆ ಅಂತ ತಿಳಿಯಬೇಕಾದರೆ ಕಥೆ ಊರಿನ ಇನ್ನೊಂದು ತುದಿಯಿಂದ ಶುರುವಾಗಬೇಕು. 1618ರಲ್ಲಿ ಕೋಟೆಯೊಳಗಿನ ಹಳೆ ಅರಮನೆಯಲ್ಲಿ ಪ್ರಾಟೆಸ್ಟೆಂಟ್ ಮುಖಂಡರು ಸಿಟ್ಟಿಗೆದ್ದು ರಾಜನ ಕಡೆಯ ಇಬ್ಬರು ಕ್ಯಾಥೊಲಿಕ್ ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಕಿಟಕಿಯಿಂದ ಆಚೆ ಎಸೆದರು. ಸುಮಾರು 21 ಮೀಟರ್ ಎತ್ತರ. ಮೂವರೂ ಬದುಕಿಕೊಂಡರು! ಮೇರಿ ಮಾತೆ ಕಾಪಾಡಿದಳು ಅಂತ ಕ್ಯಾಥೊಲಿಕರು, ತಿಪ್ಪೆ ಮೇಲೆ ಬಿದ್ದರು ಅಂತ ಪ್ರಾಟೆಸ್ಟೆಂಟರು. ಅಲ್ಲಿಂದ ಹತ್ತಿಕೊಂಡ ಯುದ್ಧದ ಬೆಂಕಿ ಯುರೋಪಿನಲ್ಲಿ ಮೂವತ್ತು ವರ್ಷ ಉರಿಯಿತು. 1620ರಲ್ಲಿ ಊರ ಹೊರಗಿನ ಬಿಳಿ ಗುಡ್ಡದಲ್ಲಿ ಪ್ರಾಟೆಸ್ಟೆಂಟರ ಸೇನೆ ಸೋತಿತು. ಮಾರನೆಯ ವರ್ಷ ಜೂನ್ 21ಕ್ಕೆ ದಂಗೆ ಎದ್ದವರಲ್ಲಿ 27 ಜನರನ್ನು ಆ ಚೌಕದಲ್ಲಿ ಕೊಂದರು. ಆ ಶಿಲುಬೆಗಳು ಅವರವು. 12 ಜನರ ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ನೇತುಹಾಕಿದರು, ಹತ್ತು ವರ್ಷ ಅಲ್ಲೇ ಇದ್ದವು. ಕಿಟಕಿ, ಚೌಕ, ಗೋಪುರ ಮೂರನ್ನೂ ಫೋನಿನಲ್ಲಿ ಬೇರೆ ಬೇರೆ ಓದಬಹುದು. ಒಳ್ಳೆಯ ಗೈಡ್ ಅವನ್ನು ಒಂದೇ ದಾರದಲ್ಲಿ ಪೋಣಿಸುತ್ತಾರೆ. ನಾನು ದುಡ್ಡು ಕೊಡುವುದು ಅದಕ್ಕೆ.

ನಾವು ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವುದರಿಂದ ಊರಿಂದ ಯಾರೇ ಬಂದರೂ ರೈಲಿನಲ್ಲಿ ಎರಡೂವರೆ ಗಂಟೆ ಅಂತ ಪ್ರಾಗ್‌ಗೆ ಹೊರಟುಬಿಡುತ್ತೇವೆ. ಹಾಗಾಗಿ ತರಹೇವಾರಿ ಗೈಡ್‌ಗಳ ಮಾತು ಕೇಳಿದ್ದೇನೆ. ಕೆಲವರು ಸುಮ್ನೆ ಬುರುಡೆ ಬಿಡುತ್ತಾರೆ. ಖಗೋಳ ಗಡಿಯಾರದ ಮುಂದೆ ನಿಂತು, ಇದನ್ನು ಮಾಡಿದ ಹನುಶ್ ಇನ್ನೊಂದನ್ನು ಮಾಡಬಾರದು ಅಂತ ಊರಿನವರೇ ಅವನ ಕಣ್ಣು ಕೀಳಿಸಿದರು ಅನ್ನುತ್ತಾರೆ. ಅದು ಕಟ್ಟುಕಥೆ. ಗಡಿಯಾರ 1410ರದು, ಮಾಡಿದವನು ಕಡಾನ್ ಊರಿನ ಮಿಕುಲಾಶ್. ಕಥೆ ಹೇಳಿದ ಮೇಲೆ ಇದನ್ನೂ ಹೇಳಿದರೆ ಅವರು ಒಳ್ಳೆಯ ಗೈಡ್ ಅಂತ ಲೆಕ್ಕ.

ದೊಡ್ಡಪ್ಪ, ಪಂಚಾಂಗ ನೋಡುವ ನಿಮಗೆ ಆ ಗಡಿಯಾರದ ಮುಂದೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಎಲ್ಲರೂ ಗಂಟೆಗೊಮ್ಮೆ ಮೇಲಿನ ಕಿಟಕಿಯಲ್ಲಿ ಬರುವ ಯೇಸುವಿನ ಶಿಷ್ಯರ ಗೊಂಬೆಗಳಿಗೆ ಕಾಯುತ್ತಾರೆ. ಅದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ನಿಜ ಹೇಳಬೇಕೆಂದರೆ ನನಗೆ ಅಷ್ಟು ಹಿಡಿಸಲಿಲ್ಲ. ನೀವು ಆ ಕಿಟಕಿಗಳ ಕೆಳಗೇ ಇರುವ ಚಕ್ರ ನೋಡಿ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ತುಂಬಿದ್ದಾನೆ, ಎಲ್ಲ ತೋರಿಸುತ್ತದೆ. ಅವರದು ಸಾಯನ ಲೆಕ್ಕ, ಮಾರ್ಚ್ 21ರ ಹೊತ್ತಿಗೇ ಸೂರ್ಯ ಮೇಷಕ್ಕೆ ಬಂದುಬಿಡುತ್ತಾನೆ, ನಮ್ಮದು ಏಪ್ರಿಲ್ 14. ಹೊರಗಿನ ಉಂಗುರದಲ್ಲಿ ಹಳೆಯ ಬೊಹೆಮಿಯಾದ, ಅಂದರೆ ಪ್ರಾಗ್ ಸುತ್ತಲಿನ ಸೀಮೆಯ, ಹೊತ್ತು ಇದೆ, ಅದರಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಸೇತುವೆಗೂ ಮುಹೂರ್ತ ಇಟ್ಟಿದ್ದರಂತೆ. 1357, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5:31ಕ್ಕೆ ರಾಜ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿದ ಅಂತ ಹೇಳುತ್ತಾರೆ. ಅಂಕಿಗಳನ್ನು ಸಾಲಾಗಿ ಬರೆಯಿರಿ, 1 3 5 7 9 7 5 3 1, ಹಿಂದಿನಿಂದ ಓದಿದರೂ ಅದೇ.

ಹಾಗಾಗಿ ಹೀಗೆ ಮಾಡಿ. ಮೊದಲ ದಿನ ಬೆಳಿಗ್ಗೆ ಹಳೆ ಪೇಟೆಗೆ ಮಾತ್ರ ಒಂದು ನಡಿಗೆಯ ಟೂರ್ ತಗೊಳ್ಳಿ, ಎರಡು ಎರಡೂವರೆ ಗಂಟೆಯದು, ಗುಂಪು ಚಿಕ್ಕದಿರಲಿ. ಫ್ರೀ ಟೂರ್ ಅಂತ ಬೋರ್ಡ್ ಇರುವವು ಫ್ರೀ ಅಲ್ಲ, ಕೊನೆಯಲ್ಲಿ ಟಿಪ್ಸ್ ಕೊಡಬೇಕು, ಗೈಡ್‌ನ ಸಂಪಾದನೆಯೇ ಅದು. ಕೊಡದೆ ಮೆಲ್ಲಗೆ ಜಾರಿಕೊಳ್ಳುವ ನಮ್ಮವರನ್ನು ನೋಡಿ ನನಗೆ ಬೇಜಾರಾಗಿದೆ. ಸೇತುವೆಗೆ ಗೈಡ್ ಬೇಡವೇ ಬೇಡ. ಮಾರನೆಯ ದಿನ ಬೆಳಿಗ್ಗೆ ಏಳು ಗಂಟೆಯೊಳಗೆ ನೀವಿಬ್ಬರೇ ಹೋಗಿ, ಹತ್ತರ ಮೇಲೆ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಕೋಟೆಗೆ ಕೆಳಗಿನಿಂದ ಹತ್ತಬೇಡಿ, ದೊಡ್ಡಮ್ಮನ ಮಂಡಿ ನೋವು ಜಾಸ್ತಿಯಾಗುತ್ತದೆ. 22ನೇ ನಂಬರ್ ಟ್ರಾಮ್ ಹತ್ತಿ ಪ್ರಾಜ್‌ಸ್ಕಿ ಹ್ರಾಡ್ ಸ್ಟಾಪಿನಲ್ಲಿ ಇಳಿಯಿರಿ, ಅಲ್ಲಿಂದ ಹೆಚ್ಚು ಏರು ಇಲ್ಲ. ಒಳಗಿನ ಸೇಂಟ್ ವೀಟಸ್ ಚರ್ಚ್ ಕಟ್ಟಲು ಶುರುಮಾಡಿದ್ದು 1344, ಮುಗಿದದ್ದು 1929. ನಮ್ಮ ರಸ್ತೆ ಕಾಮಗಾರಿಗಳನ್ನು ಬೈಯುವಾಗ ಇದನ್ನು ನೆನಪಿಟ್ಟುಕೊಳ್ಳಿ. ಊರೆಲ್ಲ ಕಲ್ಲು ಹಾಸಿನ ರಸ್ತೆ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಅಂದಹಾಗೆ ಬಾಟಾ ಹುಟ್ಟಿದ್ದೂ ಪ್ರಾಗ್ ಇರುವ ಚೆಕ್ ದೇಶದ ಜ್ಲೀನ್ ಊರಿನಲ್ಲೇ.

ಯೆಹೂದಿಗಳ ಪೇಟೆ ಬಿಡಬೇಡಿ. ಅಲ್ಲಿ ಪಿಂಕಾಸ್ ಪ್ರಾರ್ಥನಾ ಮಂದಿರದ ಗೋಡೆಗಳ ತುಂಬ ನಾಜಿಗಳು ಕೊಂದ ಸುಮಾರು 78,000 ಜನರ ಹೆಸರು ಬರೆದಿದ್ದಾರೆ. ಅಲ್ಲಿ ಗೈಡ್ ಬಾಯಿ ಮುಚ್ಚಿಕೊಂಡಿದ್ದರೇ ಒಳ್ಳೆಯದು. ಶನಿವಾರ ಮುಚ್ಚಿರುತ್ತದೆ.

ಮತ್ತೆ ನಿಮಗೊಬ್ಬರಿಗೇ ಹೇಳುವ ಮಾತು. ಜಾವಾ ಬೈಕ್ ಹುಟ್ಟಿದ್ದು ಪ್ರಾಗ್‌ನಲ್ಲಿ, 1929ರಲ್ಲಿ. ಆಮೇಲೆ ತಾನೇ ನಮ್ಮ ಮೈಸೂರಿಗೆ ಬಂದದ್ದು, ಐಡಿಯಲ್ ಜಾವಾ ಆಗಿ, ಕೊನೆಗೆ ನಿಮ್ಮ ಯೆಜ್ಡಿ ಆಗಿ. ಲೆಟ್ನಾ ಗುಡ್ಡದಲ್ಲಿರುವ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂನಲ್ಲಿ ಹಳೆ ಕಾರು, ಬೈಕು, ವಿಮಾನ, ರೈಲು ಇಂಜಿನ್ ಎಲ್ಲ ಇಟ್ಟಿದ್ದಾರೆ. ಯಾವ ಪ್ಯಾಕೇಜೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ದೊಡ್ಡಮ್ಮ ಬೇಡ ಅಂದರೆ ಅವರನ್ನು ಪಕ್ಕದ ಪಾರ್ಕಿನಲ್ಲಿ ಕೂರಿಸಿ ಹೋಗಿಬನ್ನಿ.

ಊಟ: ಸ್ಮಾಜೆನಿ ಸೀರ್ ಅಂತ ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ, ಆದರೆ ಹೊದಿಕೆಯಲ್ಲಿ ಮೊಟ್ಟೆ ಇರುತ್ತದೆ. ನಮ್ಮ ಕಡುಬಿನ ಹಾಗೆ ಕಾಣುವ ಕ್ನೆಡ್ಲೀಕಿಯಲ್ಲೂ ಸಾಮಾನ್ಯವಾಗಿ ಮೊಟ್ಟೆ. ದೊಡ್ಡಮ್ಮನಿಗೆ ನಾನು ಇಲ್ಲಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಡುತ್ತೇನೆ.

ದುಡ್ಡು: ಅಲ್ಲಿ ಯೂರೊ ಅಲ್ಲ, ಕೊರುನಾ. ರಸ್ತೆಯಲ್ಲಿ ಯಾರಾದರೂ ಬದಲಾಯಿಸಿ ಕೊಡುತ್ತೇನೆ ಅಂದರೆ ನಿಲ್ಲಲೇಬೇಡಿ. ಅಂಗಡಿಯಲ್ಲಿ ಬದಲಾಯಿಸಿ ಮೋಸ ಅನ್ನಿಸಿದರೆ ಮೂರು ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಪಡೆಯಬಹುದು, 2019ರಿಂದ ಹಾಗೆ ಕಾನೂನಿದೆ. ಟ್ರಾಮಿನ ಕಾಗದದ ಟಿಕೆಟ್ ತಗೊಂಡರೆ ಹಳದಿ ಯಂತ್ರದಲ್ಲಿ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ.

ಯಾವ ಎರಡು ದಿನ ಅಂತ ಇವತ್ತೇ ಹೇಳಿ. ಒಂದು ಶನಿವಾರವಾದರೆ ಯೆಹೂದಿ ಪೇಟೆಯನ್ನು ಇನ್ನೊಂದು ದಿನಕ್ಕೆ ಹಾಕಿ, ರೈಲಿನ ಟಿಕೆಟ್ ನಾನೇ ಮಾಡಿಸುತ್ತೇನೆ.